ಬಿಸಿಲಿನ ಕೆಲಸಕ್ಕೆ ಯಾವ ಓದು?

ಪಿಯುಸಿ ಫಲಿತಾಂಶ ಬಂದ ದಿನದಿಂದ ಸಿಇಟಿ ಸೀಟು ಹಂಚಿಕೆ ಮುಗಿಯುವ ತನಕ ನನ್ನ ಫೋನಿಗೆ ಬಿಡುವಿರುವುದಿಲ್ಲ. ಪುಣೆಯಲ್ಲಿದ್ದುಕೊಂಡು ಸೋಲಾರ್ ಪ್ಲಾಂಟುಗಳ ನಿರ್ವಹಣೆಯ ಕೆಲಸ ಮಾಡುತ್ತ ಹದಿನೈದು ವರ್ಷವಾಯಿತು. ಹಾಗಾಗಿ ನಂಟರು, ಊರಿನವರು, ಇಲ್ಲಿನ ಕನ್ನಡ ಬಳಗದ ಪರಿಚಯದವರು ಎಲ್ಲರೂ ಈ ವಿಷಯಕ್ಕೆ ನನ್ನನ್ನೇ ಹಿಡಿಯುತ್ತಾರೆ. "ಮಗನಿಗೆ ಸೋಲಾರ್ ಲೈನು ಒಳ್ಳೇದಂತಲ್ಲ, ಯಾವ ಕೋರ್ಸಿಗೆ ಹಾಕಲಿ?" ಎಂದು ಕೇಳುತ್ತಾರೆ. "ಆ ಲೈನಿನಲ್ಲಿ ಯಾವ ಕೆಲಸ ಮಾಡಬೇಕು ಅಂತಿದ್ದಾನೆ?" ಎಂದು ನಾನು ತಿರುಗಿ ಕೇಳಿದರೆ ಆ ಕಡೆ ಮಾತು ನಿಲ್ಲುತ್ತದೆ. ಸೋಲಾರ್ ಅಂದಮೇಲೆ ಸೋಲಾರ್ ಕೆಲಸ, ಇನ್ನೇನು?

ಈ ವರ್ಷ ಬಂದ ಫೋನುಗಳಲ್ಲಿ ಒಂದು ನಮ್ಮ ಅಕ್ಕನದು.

ಅಕ್ಕನನ್ನು ಕೊಟ್ಟಿರುವುದು ಪಾವಗಡ ತಾಲ್ಲೂಕಿಗೆ, ತಿರುಮಣಿ ಕಡೆಯ ಒಂದು ಹಳ್ಳಿಗೆ. ಅಲ್ಲಿನ ಸೋಲಾರ್ ಪಾರ್ಕಿನ ಹೆಸರು ನೀವು ಕೇಳಿರುತ್ತೀರಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಆ ನೆಲವನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುವ ಬಾಡಿಗೆ. ಮಳೆ ನಂಬಿ ಕಡಲೆಕಾಯಿ ಹಾಕಿ, ನಾಲ್ಕು ವರ್ಷದಲ್ಲಿ ಮೂರು ವರ್ಷ ಬಿತ್ತನೆ ಬೀಜದ ದುಡ್ಡೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಭಾವನಿಗೆ ಈ ಲೆಕ್ಕ ಬಹಳ ಇಷ್ಟವಾಯಿತು. ಆರು ಎಕರೆ ಕೊಟ್ಟರು. ಮೊದಲ ವರ್ಷ ಕೈಗೆ ಬಂದದ್ದು ಒಂದು ಲಕ್ಷದ ಇಪ್ಪತ್ತಾರು ಸಾವಿರ. ಹೊಲಕ್ಕೆ ಬೇಲಿ ಬಿತ್ತು. ಈಗ ಅಕ್ಕ ಅದೇ ಬೇಲಿಯೊಳಗೆ ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗೆ ಹುಲ್ಲು ಕೊಯ್ಯಲು ಹೋಗುತ್ತಾಳೆ. ಪ್ಯಾನೆಲ್ ಮೇಲೆ ಹುಲ್ಲಿನ ನೆರಳು ಬಿದ್ದರೆ ಕರೆಂಟು ಕಡಿಮೆಯಾಗುತ್ತದೆ, ಅದಕ್ಕೇ ವರ್ಷವಿಡೀ ಈ ಕೆಲಸ ಇರುತ್ತದೆ. ಭಾವ ಎರಡು ವರ್ಷ ರಾತ್ರಿ ಕಾವಲಿಗೆ ಹೋದರು, ಆಮೇಲೆ ಮೊಣಕಾಲು ಕೈಕೊಟ್ಟಿತು.

ಇಂಥ ಮನೆಯ ಹುಡುಗಿ ಪಿಯುಸಿ ವಿಜ್ಞಾನ ಮುಗಿಸಿ ಫೋನಿನಲ್ಲಿ ನನ್ನನ್ನು ಕೇಳಿದ್ದು ಕೋರ್ಸಿನ ಹೆಸರನ್ನಲ್ಲ. "ಮಾಮ, ಅಲ್ಲಿ ಕಂಟ್ರೋಲ್ ರೂಮಲ್ಲಿ ಕೂತಿರ್ತಾರಲ್ಲ, ಅವರು ಏನು ಓದಿರ್ತಾರೆ?"

ಹದಿನೈದು ವರ್ಷದಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಆದರೆ ಅಷ್ಟರಲ್ಲಿ ಭಾವನ ಕೈಗೆ ಒಂದು ಬ್ರೋಷರ್ ಬಂದಿತ್ತು. ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ್ದು. ಮುಖಪುಟದಲ್ಲಿ ಬಿಳಿ ಹೆಲ್ಮೆಟ್ ಹಾಕಿದ ಹುಡುಗಿ, ಹಿಂದೆ ಗಾಳಿಯಂತ್ರ. ನಾಲ್ಕು ವರ್ಷದ ಬಿ.ಟೆಕ್, ವಿಷಯ ನವೀಕರಿಸಬಹುದಾದ ಇಂಧನ. ವರ್ಷಕ್ಕೆ ಎರಡೂವರೆ ಲಕ್ಷ, ಹಾಸ್ಟೆಲ್ ಬೇರೆ. ಆರು ಎಕರೆಯ ಇಡೀ ಬಾಡಿಗೆ ಸುರಿದರೂ ಅದು ಶುಲ್ಕದ ಅರ್ಧಕ್ಕೆ ತುಸು ಮೇಲೆ ಅಷ್ಟೇ, ಉಳಿದದ್ದು ಸಾಲ. ಏಜೆಂಟು ಮನೆಗೇ ಬಂದು ಇಪ್ಪತ್ತೈದು ಸಾವಿರ ಕಟ್ಟಿದರೆ ಸೀಟು ಹಿಡಿದಿಡುವುದಾಗಿ ಹೇಳಿ ಹೋಗಿದ್ದ.

"ಸರ್ಟಿಫಿಕೇಟಿನಲ್ಲೇ ಅದರ ಹೆಸರು ಇರುತ್ತಂತಪ್ಪ," ಎಂದರು ಭಾವ. "ನಮ್ಮ ಹೊಲದಲ್ಲೇ ಅದು ನಡೀತಿದೆ. ಇದಕ್ಕಿಂತ ಇನ್ನೇನು ಬೇಕು?"

ಆ ಬ್ರೋಷರನ್ನು ನಾನು ವಾಟ್ಸಾಪಿನಲ್ಲಿ ತರಿಸಿಕೊಂಡೆ, ಆಮೇಲೆ ಅವರ ಪಠ್ಯಕ್ರಮವನ್ನು ಹುಡುಕಿ ಓದಿದೆ. ಪಠ್ಯಕ್ರಮ ಓದುವುದು ಬೇಜಾರಿನ ಕೆಲಸ. ಆದರೆ ಹತ್ತು ಲಕ್ಷ ಕೊಟ್ಟು ಮನೆ ಕೊಳ್ಳುವಾಗ ಪತ್ರ ಓದದೆ ಯಾರೂ ಸಹಿ ಹಾಕುವುದಿಲ್ಲವಲ್ಲ. ಮೊದಲ ವರ್ಷ ಎಲ್ಲ ಕಡೆ ಇರುವಂಥದ್ದೇ. ಮುಂದಿನ ವರ್ಷಗಳಲ್ಲಿ ಸೌರಶಾಖ, ಜೈವಿಕ ಇಂಧನ, ಪವನ, ಭೂಶಾಖ, ಸಾಗರದ ಅಲೆ, ಇಂಧನ ನೀತಿ, ಉದ್ಯಮಶೀಲತೆ ಎಂದು ಒಂದೊಂದಕ್ಕೆ ಒಂದೊಂದು ಪತ್ರಿಕೆ. ವಿದ್ಯುತ್ ಯಂತ್ರಗಳಿಗೆ ಒಂದೇ ಪತ್ರಿಕೆ, ಪವರ್ ಸಿಸ್ಟಮ್ಸ್‌ಗೆ ಒಂದು. ಪವರ್ ಎಲೆಕ್ಟ್ರಾನಿಕ್ಸ್ ಐಚ್ಛಿಕ. ರಿಲೇ ಮತ್ತು ಪ್ರೊಟೆಕ್ಷನ್ ಎಲ್ಲೂ ಇಲ್ಲ. ಪ್ರಯೋಗಾಲಯದ ಫೋಟೋದಲ್ಲಿ ಒಂದು ಬೆಂಚು, ಅದರ ಮೇಲೆ ಎರಡು ಪುಟ್ಟ ಪ್ಯಾನೆಲ್, ಒಂದು ಬಲ್ಬು.

ಇದು ಯಾಕೆ ಸಾಲದು ಎಂದು ಹೇಳಬೇಕಾದರೆ ಪ್ಲಾಂಟಿನ ಒಂದು ಬೆಳಗನ್ನು ಹೇಳಬೇಕು.

ರಾತ್ರಿ ಮಳೆಯಾಗಿರುತ್ತದೆ. ಬೆಳಗ್ಗೆ ಏಳಕ್ಕೆ ಬಿಸಿಲು ಏರುತ್ತಿದ್ದಂತೆ ಒಂದು ಇನ್ವರ್ಟರ್ ಶುರುವಾಗಲು ಒಪ್ಪುವುದಿಲ್ಲ. ಪರದೆಯ ಮೇಲೆ ಇನ್ಸುಲೇಷನ್ ಫಾಲ್ಟ್ ಎಂದು ಬರುತ್ತದೆ. ಅಂದರೆ ಎಲ್ಲೋ ಒಂದು ಕಡೆ ಕೇಬಲ್ಲಿನಿಂದ ನೆಲಕ್ಕೆ ಕರೆಂಟು ಸೋರುತ್ತಿದೆ. ಆ ಒಂದು ಇನ್ವರ್ಟರಿಗೆ ಸಾವಿರಾರು ಪ್ಯಾನೆಲ್ ಸೇರಿರುತ್ತವೆ. ಎಲ್ಲಿ ಎಂದು ಹುಡುಕುವುದು? ಒಂದೊಂದೇ ಕಂಬೈನರ್ ಬಾಕ್ಸನ್ನು ಬೇರ್ಪಡಿಸಿ, ಮೆಗ್ಗರ್ ಹಿಡಿದು ಅಳೆದು, ಸುತ್ತು ಕಿರಿದು ಮಾಡುತ್ತ ಹೋಗಿ, ಕೊನೆಗೆ ಇಲಿ ಕಚ್ಚಿದ ಕೇಬಲ್ಲನ್ನೋ ನೀರು ಹೊಕ್ಕ ಕನೆಕ್ಟರನ್ನೋ ಹಿಡಿಯಬೇಕು. ಆ ಬಾಕ್ಸಿನೊಳಗೆ ಈಗಿನ ಪ್ಲಾಂಟುಗಳಲ್ಲಿ 1,500 ವೋಲ್ಟಿನವರೆಗೆ ಡಿಸಿ ಇರುತ್ತದೆ. ಮನೆಗೆ ಬರುವ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚು ತೆಗೆಯುವಾಗ ಎದ್ದ ಕಿಡಿಗೆ ಆರಲು ಅವಕಾಶವಿರುತ್ತದೆ. ಡಿಸಿ ಹಾಗೆ ಇಳಿಯುವುದೇ ಇಲ್ಲ, ಎದ್ದ ಕಿಡಿ ಉರಿಯುತ್ತಲೇ ಇರುತ್ತದೆ. ಲೋಡ್ ಇರುವಾಗಲೇ ಫ್ಯೂಸ್ ಎಳೆದವನ ಕೈ ಏನಾಯಿತು ಎಂದು ನಾನು ನೋಡಿದ್ದೇನೆ. ಅವನಿಗೆ ಮೂರು ದಿನದ ತರಬೇತಿ ಕೊಟ್ಟು ಬಾಕ್ಸಿನ ಬೀಗದ ಕೈ ಕೊಟ್ಟಿದ್ದರು.

ಇಲ್ಲಿ ಬೇಕಾದ ತಿಳಿವಳಿಕೆಯಲ್ಲಿ ಸೂರ್ಯನಿಗೆ ಸಂಬಂಧಿಸಿದ್ದು ಎಷ್ಟು? ಬಿಸಿ ಏರಿದಂತೆ ಪ್ಯಾನೆಲ್ಲಿನ ಉತ್ಪಾದನೆ ಇಳಿಯುತ್ತದೆ, ಹಾಗಾಗಿ ರಣಬಿಸಿಲಿನ ಮೇ ತಿಂಗಳಿಗಿಂತ ತಂಪಾದ ಶುಭ್ರ ದಿನವೇ ಮೇಲು ಎನ್ನುವುದು, ಐ-ವಿ ಕರ್ವ್ ಓದುವುದು, ದೂಳು, ನೆರಳು, ಓರೆಯ ಕೋನದ ಲೆಕ್ಕ. ಇಷ್ಟನ್ನು ಚುರುಕು ಹುಡುಗರು ಮೂರು ತಿಂಗಳಲ್ಲಿ ಕಲಿಯುತ್ತಾರೆ. ಉಳಿದದ್ದೆಲ್ಲ ವಿದ್ಯುತ್ತು: ಅರ್ಥಿಂಗ್, ಟ್ರಾನ್ಸ್‌ಫಾರ್ಮರ್, ಬ್ರೇಕರ್, ರಿಲೇ, ಗ್ರಿಡ್ಡಿನ ವರ್ತನೆ. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಓದುವಾಗ ಸೋಲಾರ್ ಅಂದರೆ ಪುಸ್ತಕದ ಕೊನೆಯಲ್ಲಿ ಅರ್ಧ ಅಧ್ಯಾಯ, ಪರೀಕ್ಷೆಗೆ ಬಿಟ್ಟುಬಿಡಬಹುದಾದದ್ದು. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ನಮ್ಮಂಥವರನ್ನೇ ಆ ಕಡೆ ಎಳೆದುಕೊಂಡರು. ಬಿಸಿಲಿನ ಪಾಠ ಸೈಟಿನಲ್ಲೇ ಆಯಿತು. ಪ್ರೊಟೆಕ್ಷನ್ನನ್ನು ಹಾಗೆ ಸೈಟಿನಲ್ಲಿ ಕಲಿಯಲು ಯಾರೂ ಸಮಯ ಕೊಡುವುದಿಲ್ಲ.

ಇನ್ನೊಂದು ವಿಷಯ, ಇದು ಒಣ ವಿಷಯವಾದರೂ ಮುಖ್ಯ. ಸೋಲಾರಿನಲ್ಲಿ ಕೆಲಸ ಸಿಗದೇ ಹೋದರೆ? ಕೆಪಿಟಿಸಿಎಲ್‌ನಂಥ ಸಂಸ್ಥೆಗಳ ಎಂಜಿನಿಯರ್ ಹುದ್ದೆಗೆ ಎಲೆಕ್ಟ್ರಿಕಲ್ ಪದವಿ ಕೇಳುತ್ತಾರೆ. ಪದವಿಯ ಹೆಸರು ಬೇರೆ ಇದ್ದರೆ ಅದು ಸಮಾನವೋ ಅಲ್ಲವೋ ಎಂದು ಕಚೇರಿ ಅಲೆಯುವುದು ಅಭ್ಯರ್ಥಿಯ ಪಾಲಿಗೆ. ಎಲೆಕ್ಟ್ರಿಕಲ್ ಓದಿದವರು ಸೋಲಾರಿಗೂ ಬರಬಹುದು, ಸಬ್‌ಸ್ಟೇಷನ್ನಿಗೂ ಹೋಗಬಹುದು, ಬ್ಯಾಟರಿ ಕಡೆಗೂ ಹೊರಳಬಹುದು. ಹದಿನೆಂಟರ ವಯಸ್ಸಿನಲ್ಲಿ ಅಷ್ಟು ಬಾಗಿಲು ತೆರೆದಿಟ್ಟುಕೊಳ್ಳುವುದು ಒಳ್ಳೆಯದು, ಅದರಲ್ಲೂ ಸಾಲ ಮಾಡಿ ಓದುವವರು.

ಹಾಗೆಂದು ಎಲ್ಲರಿಗೂ ಎಲೆಕ್ಟ್ರಿಕಲ್ ಎನ್ನುತ್ತಿಲ್ಲ. ಗಾಳಿಯ ಕಡೆ ಹೋಗುವವರಿಗೆ ಮೆಕ್ಯಾನಿಕಲ್ ಚೆನ್ನಾಗಿ ಒದಗುತ್ತದೆ. ಗೇರ್‌ಬಾಕ್ಸು, ಬೇರಿಂಗು, ರೆಕ್ಕೆ ಎಲ್ಲ ಅವರ ಸೊತ್ತು. ಚೆನ್ನೈ ಓದುಗರಿಗೆ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಗೊತ್ತಿರಬಹುದು. 1998ರಲ್ಲಿ ಶುರುವಾದದ್ದು, ಅಲ್ಲಿ ತರಬೇತಿ ಕೋರ್ಸುಗಳೂ ನಡೆಯುತ್ತವೆ. ಆದರೆ ಗಾಳಿಯಂತ್ರದ ಟೆಕ್ನಿಷಿಯನ್ ಆಗಬೇಕೆನ್ನುವವರು ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಒಂದು ಎತ್ತರದ ಏಣಿ ಹತ್ತಿ ನೋಡಿಕೊಳ್ಳಲಿ. ಈಗಿನ ಗೋಪುರಗಳು ನೂರು ಮೀಟರ್ ದಾಟಿವೆ. ಗದಗದ ಕಡೆ ಒಂದು ಸೈಟಿನಲ್ಲಿ ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗನೊಬ್ಬ ಮೂವತ್ತು ಮೀಟರಿಗೆ ಏಣಿ ತಬ್ಬಿಕೊಂಡು ನಿಂತುಬಿಟ್ಟ. ಅವನನ್ನು ಇಳಿಸಲು ಒಂದು ಗಂಟೆ ಹಿಡಿಯಿತು. ಅದು ಅವನ ತಪ್ಪೇನಲ್ಲ, ದೇಹದ ಗುಣ. ಆದರೆ ಮೊದಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಇನ್ನೂ ಮೇಲೆ ಓದಬೇಕು, ಪ್ಯಾನೆಲ್ಲನ್ನೇ ಸುಧಾರಿಸಬೇಕು ಎನ್ನುವವರ ದಾರಿ ಬೇರೆ. ಮುಂಬೈನ ಐಐಟಿಯಲ್ಲಿ ಇಂಧನ ವಿಜ್ಞಾನಕ್ಕೇ ಒಂದು ವಿಭಾಗವಿದೆ, 2010ರಿಂದ ಸೌರಕೋಶಗಳ ಸಂಶೋಧನೆಗೆ ಒಂದು ರಾಷ್ಟ್ರೀಯ ಕೇಂದ್ರವೂ ಇದೆ. ದೆಹಲಿ ಐಐಟಿಯಲ್ಲೂ ಅಂಥ ವಿಭಾಗವಿದೆ. ಬಿಸಿಲು ಗಾಳಿಗಳ ಹೆಸರಿನ ಪದವಿ ಎಂ.ಟೆಕ್‌ನಲ್ಲಿ ಬಂದರೆ ನನಗೆ ತಕರಾರಿಲ್ಲ, ಅಷ್ಟರಲ್ಲಿ ಕೆಳಗೆ ತಳಪಾಯ ಬಿದ್ದಿರುತ್ತದೆ.

ನಮ್ಮ ಮಧ್ಯಮ ವರ್ಗದ ಮಾತುಕತೆಯಲ್ಲಿ ಬಿಟ್ಟೇ ಹೋಗುವುದು ಐಟಿಐ. ಎಲೆಕ್ಟ್ರಿಷಿಯನ್ ಟ್ರೇಡು ಎರಡು ವರ್ಷ. ಅದರ ಮೇಲೆ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸೂರ್ಯಮಿತ್ರ ತರಬೇತಿ, 600 ಗಂಟೆ, ಅಂದರೆ ಸುಮಾರು ಮೂರು ತಿಂಗಳು, ಊಟ ವಸತಿಯೊಂದಿಗೆ ಉಚಿತವಾಗಿ ರೂಪಿಸಿದ್ದು. ಇದರ ಹೊಣೆ ದೆಹಲಿಯ ಮಗ್ಗುಲಲ್ಲೇ, ಗುರುಗ್ರಾಮದ ಗ್ವಾಲ್ ಪಹಾಡಿಯಲ್ಲಿರುವ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯದು. 2024ರ ಫೆಬ್ರವರಿಯಲ್ಲಿ ಒಂದು ಕೋಟಿ ಮನೆಗಳ ಚಾವಣಿಗೆ ಸೋಲಾರ್ ಹಾಕಿಸುವ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ, 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಎಂದ ಮೇಲೆ, ಸಣ್ಣ ಊರುಗಳಲ್ಲೂ ಚಾವಣಿ ಹತ್ತುವವರಿಗೆ ಬೇಡಿಕೆ ಬಂದಿದೆ. ಪುಣೆಯ ನಮ್ಮ ಸೊಸೈಟಿಗೆ ಪ್ಯಾನೆಲ್ ಹಾಕಿದವನು ಲಾತೂರಿನ ಐಟಿಐ ಹುಡುಗ. ಕನೆಕ್ಟರ್ ಕ್ರಿಂಪ್ ಮಾಡಿ ಪ್ರತಿಯೊಂದನ್ನೂ ಎಳೆದು ನೋಡುತ್ತಿದ್ದ, ಟಾರ್ಕ್ ರೆಂಚ್ ಇಲ್ಲದೆ ಒಂದು ಬೋಲ್ಟನ್ನೂ ಬಿಗಿಯುತ್ತಿರಲಿಲ್ಲ. ಎಷ್ಟೋ ಎಂಜಿನಿಯರುಗಳಲ್ಲಿ ನಾನು ಆ ಶಿಸ್ತು ನೋಡಿಲ್ಲ. ಅವನೀಗ ಸ್ವಂತ ಅಂಗಡಿ ಇಟ್ಟಿದ್ದಾನೆ, ನಾಲ್ಕು ಜನರಿಗೆ ಸಂಬಳ ಕೊಡುತ್ತಾನೆ.

ಅಕ್ಕನ ಮಗಳ ಆಸೆ ಕಂಟ್ರೋಲ್ ರೂಮಿನದು. ಅವಳಿಗೆ ಬೇಕಾದದ್ದು ಎಲೆಕ್ಟ್ರಿಕಲ್ ಪದವಿ. ಎಲ್ಲರೂ ಕಂಪ್ಯೂಟರ್ ಸೈನ್ಸಿನ ಹಿಂದೆ ಓಡುತ್ತಿರುವುದರಿಂದ ಅವಳ ಸಾಧಾರಣ ಸಿಇಟಿ ರ‍್ಯಾಂಕಿಗೂ ಸರ್ಕಾರಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸಿಗುವ ಹಾಗಿತ್ತು. ಆ ಬ್ರೋಷರಿನ ಒಂದು ವರ್ಷದ ಶುಲ್ಕದಲ್ಲಿ ಅಲ್ಲಿ ನಾಲ್ಕು ವರ್ಷದ ಬಹುಪಾಲು ಮುಗಿಯುತ್ತದೆ. ಇದನ್ನು ಭಾವನಿಗೆ ಹೇಳಿದೆ. ದುಡ್ಡಿನ ಲೆಕ್ಕ ಅವರಿಗೆ ತಕ್ಷಣ ಹಿಡಿಸಿತು. ತಕರಾರು ಬೇರೆ ಕಡೆಯಿಂದ ಬಂತು.

"ಓದಿಸೋಣಪ್ಪ. ಓದಿದ ಮೇಲೆ ಹೆಣ್ಣುಮಗಳನ್ನ ಸೈಟಿಗೆ ಯಾರು ಕರೀತಾರೆ? ನಾನು ರಾತ್ರಿ ಅಲ್ಲೇ ಇದ್ದವನು. ಒಬ್ಬಳೂ ಕಾಣಲಿಲ್ಲ. ಕಾಣೋದು ನಿಮ್ಮಕ್ಕನ ಥರ ಹುಲ್ಲು ಕೊಯ್ಯೋರು ಮಾತ್ರ."

ಇದಕ್ಕೆ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ನಿಜ. ನಾನು ನೋಡಿಕೊಳ್ಳುವ ಒಂದು 50 ಮೆಗಾವಾಟ್ ಪ್ಲಾಂಟಿನಲ್ಲಿ ಎಂಜಿನಿಯರು, ಟೆಕ್ನಿಷಿಯನ್ನು ಸೇರಿ ಹನ್ನೊಂದು ಜನ. ಹನ್ನೊಂದೂ ಗಂಡಸರು. ನಮ್ಮ ಪುಣೆ ಕಚೇರಿಯಲ್ಲಿ ವಿನ್ಯಾಸ ಮಾಡುವವರು, ನಾಳೆ ಎಷ್ಟು ಕರೆಂಟು ಬರುತ್ತದೆ ಎಂದು ಮುನ್ಸೂಚನೆ ಕೊಡುವವರು, ಇಲ್ಲಿಂದಲೇ ಐದು ರಾಜ್ಯಗಳ ಪ್ಲಾಂಟುಗಳನ್ನು ಪರದೆಯ ಮೇಲೆ ಕಾಯುವವರು, ಇವರಲ್ಲಿ ಹೆಣ್ಣುಮಕ್ಕಳು ಚೆನ್ನಾಗಿಯೇ ಇದ್ದಾರೆ. ಸೈಟಿನಲ್ಲಿಲ್ಲ. ಕಾರಣ ಕೇಳಿದರೆ ಸುರಕ್ಷತೆ, ರಾತ್ರಿ ಪಾಳಿ, ದೂರ ಎಂದೆಲ್ಲ ಹೇಳುತ್ತಾರೆ. ಅರ್ಧ ಸೈಟುಗಳಲ್ಲಿ ಹೆಂಗಸರಿಗೆ ಶೌಚಾಲಯವೇ ಇಲ್ಲ ಎನ್ನುವುದನ್ನು ಯಾರೂ ಮೊದಲು ಹೇಳುವುದಿಲ್ಲ. ಹುಲ್ಲು ಕೊಯ್ಯುವವರು ಇಷ್ಟು ವರ್ಷ ಏನು ಮಾಡಿದರು ಎಂದು ಯಾರೂ ಕೇಳಿಲ್ಲ, ಅಕ್ಕನನ್ನು ನಾನೂ ಕೇಳಿರಲಿಲ್ಲ.

ಭಾವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಪುಣೆಗೋ ಬೆಂಗಳೂರಿಗೋ ಹೈದರಾಬಾದಿಗೋ ಬಂದರೆ ಕಚೇರಿ ಕೆಲಸ ಸಿಗಬಹುದು, ಊರಿನ ಬೇಲಿಯೊಳಗೇ ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದೆ. ಮಾತಾಡುವಾಗ ಹುಡುಗಿ ಪಕ್ಕದಲ್ಲೇ ಇದ್ದಳಂತೆ. "ಅಪ್ಪಾ, ನಾನು ಓದಿ ಮುಗಿಸೋದು ನಾಲ್ಕು ವರ್ಷ ಆದ್ಮೇಲೆ ತಾನೆ?" ಎಂದಳು.

ಆಗಸ್ಟಿನಲ್ಲಿ ಎಲೆಕ್ಟ್ರಿಕಲ್ ಸೀಟು ಸಿಕ್ಕಿತು. ಏಜೆಂಟು ಇನ್ನೂ ಎರಡು ಸಲ ಫೋನು ಮಾಡಿದನಂತೆ, ಎರಡನೇ ಸಲ ಶುಲ್ಕದಲ್ಲಿ ಐವತ್ತು ಸಾವಿರ ಬಿಟ್ಟು. ಅವಳ ತರಗತಿಯಲ್ಲಿ ಅರವತ್ತು ಜನರಿದ್ದಾರೆ, ಎಲೆಕ್ಟ್ರಿಕಲ್ ಬೇಕೆಂದೇ ಬಂದವರು ತಾನೂ ಸೇರಿ ಮೂರು ಜನ, ಉಳಿದವರಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿಲ್ಲ ಎಂದು ನಗುತ್ತಾಳೆ. ಗಣಿತ ಕಷ್ಟವಂತೆ. ಇಂಗ್ಲಿಷ್ ಪಾಠ ಇನ್ನೂ ಕಷ್ಟವಂತೆ. ವಾರಕ್ಕೊಮ್ಮೆ ಒಂದು ಲೆಕ್ಕದ ಫೋಟೋ ಕಳಿಸುತ್ತಾಳೆ, ನಾನು ಮರೆತ ಸೂತ್ರಗಳನ್ನು ಹುಡುಕಿಕೊಂಡು ಕೂರುತ್ತೇನೆ.

ಮುಂದಿನ ರಜೆಯಲ್ಲಿ ಪುಣೆಗೆ ಬರುತ್ತಾಳೆ. ಸೊಲ್ಲಾಪುರದ ಕಡೆಯ ಪ್ಲಾಂಟಿಗೆ ಕರೆದುಕೊಂಡು ಹೋಗಿ ಎರಡು ದಿನ ಇನ್ವರ್ಟರ್ ಕೋಣೆ, ಸ್ವಿಚ್‌ಯಾರ್ಡು ಎಲ್ಲ ತೋರಿಸಬೇಕೆಂದಿದ್ದೇನೆ. ಸೈಟ್ ಮ್ಯಾನೇಜರಿಗೆ ಫೋನು ಮಾಡಿ ಅನುಮತಿ ಕೇಳಿದೆ, ಒಪ್ಪಿದರು. ಹೆಂಗಸರ ಶೌಚಾಲಯ ಇದೆಯೇ ಎಂದೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಯಾವಾಗ ಬರ್ತಾರೆ ಸರ್, ಅಷ್ಟರಲ್ಲಿ ಮಾಡಿಸ್ತೀನಿ," ಎಂದರು. ಜನವರಿ ಎಂದಿದ್ದೇನೆ.