ಒಂಬತ್ತು ಸಾವಿರ ದೊಡ್ಡದೋ, ಹದಿನಾಲ್ಕು ಸಾವಿರ ದೊಡ್ಡದೋ?

ಫೆಬ್ರವರಿಯ ಒಂದು ರಾತ್ರಿ ಗದಗದಿಂದ ಕಾಕಾ ಫೋನ್ ಮಾಡಿದ್ರು. ಹೆಂಗದೀಪಾ, ಊಟ ಆತೇನು ಅನ್ನೋದು ಏನೂ ಇಲ್ಲ. "ತಮ್ಮಾ, ನೀ ಎಂಜಿನಿಯರಿಂಗ್ ಕಲ್ತಾಂವ ಅದೀ. ಒಂಬತ್ತು ಸಾವಿರದ ಎಂಟನೂರಾ ಐವತ್ತು ದೊಡ್ಡದೋ, ಹದಿನಾಲ್ಕ ಸಾವಿರದ ಮುನ್ನೂರು ದೊಡ್ಡದೋ?"

ಚಾಷ್ಟಿ ಮಾಡ್ತಿದಾರೆ ಅಂದುಕೊಂಡೆ. "ಹದಿನಾಲ್ಕ ಸಾವಿರ, ಕಾಕಾ" ಅಂದೆ.

"ನಿನ್ನ ಆ್ಯಪಿಗೆ ಅದನ್ನ ಯಾರು ಹೇಳಬೇಕು?" ಅಂದು ಸುಮ್ಮನಾದರು.

ಕಾಕಾರದು ಗದಗ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ರೈತರು ಹೆಸರು, ಶೇಂಗಾ, ಒಣಮೆಣಸಿನಕಾಯಿ ತರ್ತಾರೆ. ಅಂಗಡಿಯ ಆ್ಯಪ್ ಬರೆದದ್ದು ನಾನು, ಬೆಂಗಳೂರಿನಲ್ಲಿ ಕೂತು, ಶನಿವಾರ-ಭಾನುವಾರ. ಜೊತೆಗೆ ಲಕ್ಷ್ಮೇಶ್ವರದ ಒಬ್ಬ ಹುಡುಗ, ಈಗಷ್ಟೇ ಬಿಇ ಮುಗಿಸಿದವನು. ಪೂರ್ತಿ ಜಾವಾಸ್ಕ್ರಿಪ್ಟ್. ಯಾರದು ಎಷ್ಟು ಚೀಲ, ತೂಕ ಎಷ್ಟು, ಹಮಾಲಿ ಎಷ್ಟು, ಯಾವ ದರಕ್ಕೆ ಹೋಯ್ತು, ಎಲ್ಲ ಅದರಲ್ಲಿರುತ್ತೆ. ಸಂಜೆಯಾದರೆ ಸುಮಾರು 300 ರೈತರಿಗೆ 'ಇವತ್ತಿನ ಹೆಚ್ಚಿನ ದರ' ಅಂತ ವಾಟ್ಸಾಪ್ ಹೋಗುತ್ತೆ.

ಆ ದಿನ ಮೆಣಸಿನಕಾಯಿ ಮೇಲಿನ ದರ ಕ್ವಿಂಟಲ್‌ಗೆ 14,300. ವಾಟ್ಸಾಪ್‌ನಲ್ಲಿ ಹೋದದ್ದು 9,850.

ತಪ್ಪು ಎಲ್ಲಿ ಅಂತ ಹತ್ತು ನಿಮಿಷದಲ್ಲಿ ಸಿಕ್ಕಿತು. ಜಾವಾಸ್ಕ್ರಿಪ್ಟಿನ ಸಾರ್ಟ್‌ಗೆ ಹೇಗೆ ಹೋಲಿಸಬೇಕು ಅಂತ ನಾವು ಹೇಳದಿದ್ದರೆ ಅದು ಅಂಕಿಗಳನ್ನೂ ಅಕ್ಷರ ಅಂದುಕೊಂಡು, ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ ಜೋಡಿಸುತ್ತೆ. ಒಂದರ ಮೊದಲ ಅಕ್ಷರ 1, ಇನ್ನೊಂದರದು 9. ಒಂದು ಮೊದಲು, ಒಂಬತ್ತು ಕೊನೆಗೆ. ಕೊನೆಯಲ್ಲಿರೋದೇ ದೊಡ್ಡದು ಅಂತ ನನ್ನ ಕೋಡ್ ಎತ್ತಿಕೊಂಡಿತು. ಆ್ಯಪ್ ಶುರುವಾದದ್ದು ಆಗಸ್ಟಿನಲ್ಲಿ, ಹೆಸರಿನ ಸುಗ್ಗಿಗೆ. ಹೆಸರಿನ ದರ ಎಲ್ಲವೂ ನಾಲ್ಕಂಕಿ. ನಾಲ್ಕಂಕಿಗಳ ನಡುವೆ ಈ ತಪ್ಪು ಕಾಣೋದೇ ಇಲ್ಲ. ಶೇಂಗಾದಲ್ಲೂ ಕಾಣಲಿಲ್ಲ. ಮೆಣಸಿನಕಾಯಿ ಐದಂಕಿಗೆ ದಾಟಿದ ದಿನ ಹೊರಬಿತ್ತು.

ಮುಂಡರಗಿ ಕಡೆಯ ಒಬ್ಬ ಅಜ್ಜ ಆ ಸಂದೇಶ ನೋಡಿ, ಗದಗಕ್ಕೆ ಗಾಡಿ ಬಾಡಿಗೆ ಕೊಟ್ಟು ಯಾಕೆ ಹೋಗಬೇಕು ಅಂತ ಮನೆ ಮುಂದೆ ಬಂದ ವ್ಯಾಪಾರಿಗೆ 9,500ರಂತೆ ಆರು ಕ್ವಿಂಟಲ್ ಕೊಟ್ಟುಬಿಟ್ಟಿದ್ದ. ಅವನ ಕಾಯಿಗೆ 12,000 ಅಂತೂ ಬರ್ತಿತ್ತು ಅಂದರು ಕಾಕಾ. ಲೆಕ್ಕ ನೀವೇ ಹಾಕಿ. ನಾನು ಅವತ್ತು ಹಲವು ಸಲ ಹಾಕಿದೆ.

ತಿದ್ದೋದಕ್ಕೆ ಒಂದೇ ಸಾಲು ಸಾಕಾಯ್ತು. ಆದ್ರೆ ಇಂಥವು ಇನ್ನೆಷ್ಟು ಅಡಗಿವೆ? ನಿದ್ದೆ ಬರದಿರಲು ಇನ್ನೊಂದು ಕಾರಣ ಇತ್ತು. ಆಫೀಸಿನಲ್ಲಿ ನಾನು ಬರೆದ ಒಂದು ಸಾಲು ಒಳಗೆ ಹೋಗಬೇಕಾದ್ರೂ ಮೂರು ಯಂತ್ರ, ಇಬ್ಬರು ಮನುಷ್ಯರು ನೋಡ್ತಾರೆ. ಯಾರದೋ ದೇಶದ ಯಾರದೋ ಶಾಪಿಂಗ್ ಕಾರ್ಟಿಗೆ ಅಷ್ಟು ಕಾವಲು. ಮನೆಯವರ ಅಂಗಡಿಗೆ ಏನೂ ಇಲ್ಲ. "ನಮ್ಮದೇ ಅಲ್ವಾ, ಆಮೇಲೆ ನೋಡೋಣ" ಅಂದಿದ್ದೆ.

ಮೊದಲು ಹಾಕಿದ್ದು ಇಎಸ್‌ಲಿಂಟ್. ನಿಕೋಲಸ್ ಝಾಕಸ್ 2013ರಲ್ಲಿ ಶುರುಮಾಡಿದ್ದು. ಜಾವಾಸ್ಕ್ರಿಪ್ಟ್ ಬರೆಯೋರಲ್ಲಿ ಹೆಸರು ಕೇಳದವರು ಕಡಿಮೆ. ಲಿಂಟ್ ಅನ್ನೋ ಹೆಸರು ಅದಕ್ಕಿಂತ ಹಳೆಯದು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಯ ಕೋಡ್ ಪರೀಕ್ಷಿಸೋ ಪ್ರೋಗ್ರಾಮಿಗೆ ಇಟ್ಟದ್ದು. ಬಟ್ಟೆಗೆ ಅಂಟಿರೋ ನೂಲಿನ ಜುಂಗು ಅಂತ ಅರ್ಥ. ನಮ್ಮವ್ವನ ತವರು ಬೆಟಗೇರಿ, ಮನೆಯಲ್ಲಿ ಮಗ್ಗ ಇತ್ತು. ಆ ಜುಂಗು ಕೂದಲಿಗೆ ಹತ್ತಿಕೊಂಡು ಶಾಲೆಗೆ ಹೋದವನು ನಾನು. ಹೆಸರು ಅರ್ಥ ಆಗೋಕೆ ನಿಘಂಟು ಬೇಕಾಗಲಿಲ್ಲ.

ಓಡಿಸಿದೆ. 1,143 ದೂರು!

ಲಕ್ಷ್ಮೇಶ್ವರದ ಹುಡುಗ ವಿಡಿಯೋ ಕಾಲ್‌ನಲ್ಲಿ ಇದ್ದ. "ಅಣ್ಣಾ, ಇದನ್ನೆಲ್ಲಾ ತಿದ್ದಾಕ ಮುಂದಿನ ಸುಗ್ಗಿ ಬರ್ತೈತ್ರಿ" ಅಂದ. ಒಂದೊಂದಾಗಿ ನೋಡಿದೆವು. 400ಕ್ಕೂ ಹೆಚ್ಚು ದೂರು 'ಡಾಕ್ಯುಮೆಂಟ್ ಅಂದ್ರೆ ಯಾರು, ವಿಂಡೋ ಅಂದ್ರೆ ಯಾರು' ಅನ್ನೋವು. ಈ ಕೋಡ್ ಬ್ರೌಸರಿನಲ್ಲಿ ಓಡೋದು ಅಂತ ಕಾನ್ಫಿಗ್‌ನಲ್ಲಿ ನಾವು ಹೇಳೇ ಇರಲಿಲ್ಲ. ಒಂದು ಸಾಲು ಸೇರಿಸಿದ್ದಕ್ಕೆ ಅಷ್ಟೂ ಮಾಯ. ಹೊಸಬರು ಇಲ್ಲೇ ಬೇಸತ್ತು ಇಎಸ್‌ಲಿಂಟ್ ತೆಗೆದು ಒಗೆಯೋದು, ತಪ್ಪು ಮಾತ್ರ ಅದರದಲ್ಲ. ಫಿಕ್ಸ್ ಅಂತ ಕೊಟ್ಟಾಗ ಹಳೇ 'ವಾರ್'ಗಳೆಲ್ಲ ತಾವೇ 'ಲೆಟ್', 'ಕಾನ್ಸ್ಟ್' ಆದವು. ಉಳಿದದ್ದು 389.

ಆ 389ರಲ್ಲಿ ಅಜ್ಜನಿಗೆ ನಷ್ಟ ಮಾಡಿದ ಸಾಲು ಇರಲಿಲ್ಲ. ಹಳೇ ಕೋಡನ್ನೇ ಪರೀಕ್ಷೆಗೆ ಇಟ್ಟಿದ್ದೆ, ಸಿಗ್ತದಾ ನೋಡೋಣ ಅಂತ. ಸಾವಿರ ದೂರು ಹೇಳಿದ ಯಂತ್ರ ಆ ಒಂದು ದೂರು ಹೇಳಲಿಲ್ಲ. ಹೊಟ್ಟೆಯೊಳಗೆ ಏನೋ ಕಿವುಚಿದಂಗಾಯ್ತು.

ಇಎಸ್‌ಲಿಂಟ್ ಜೊತೆಗೆ ಬರೋ ನಿಯಮಗಳಲ್ಲಿ ಸಾರ್ಟ್ ಬಗ್ಗೆ ಅಂಥದ್ದು ಇಲ್ಲ. ಸೋನಾರ್‌ಕ್ಯೂಬ್‌ನಲ್ಲಿ ಇದೆ. ಉಚಿತ ಆವೃತ್ತಿಯನ್ನ ಡಾಕರ್‌ನಲ್ಲಿ ಹಾಕಿದೆ; ನನ್ನ ಹಳೇ ಲ್ಯಾಪ್‌ಟಾಪಿನ ಫ್ಯಾನ್ ಗಿರಣಿಯಂಗ ಕೂಗಿತು. ಸ್ಕ್ಯಾನ್ ಮುಗಿದ ಮೇಲೆ ಆ ಸಾಲು ಕೆಂಪಾಗಿ ಬಂತು: ಹೋಲಿಸೋ ಫಂಕ್ಷನ್ ಕೊಡಿ. ಕೆಳಗೆ ಇನ್ನೆರಡು ಕಡೆ ಅದೇ ತಪ್ಪು. ಒಂದು ಹಮಾಲಿ ಪಟ್ಟಿ, ಇನ್ನೊಂದು ರೈತರಿಗೆ ಕೊಟ್ಟ ಮುಂಗಡದ ಪಟ್ಟಿ. ಎರಡನ್ನೂ ಯಾರೂ ಇನ್ನೂ ಗಮನಿಸಿರಲಿಲ್ಲ.

ಹಳೇ 389 ದೂರುಗಳನ್ನ ಏನು ಮಾಡೋದು? 2025ರಿಂದ ಇಎಸ್‌ಲಿಂಟ್‌ನಲ್ಲೇ ಒಂದು ಅನುಕೂಲ ಬಂದಿದೆ. ಇದ್ದ ದೂರುಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟು, ಇನ್ನು ಮೇಲೆ ಹೊಸ ತಪ್ಪು ಬಂದರೆ ಮಾತ್ರ ತಡೆ ಅನ್ನಬಹುದು. ಹಳೇ ಬಾಕಿ ಖಾತೆಯಲ್ಲಿರಲಿ, ಹೊಸ ಉದ್ರಿ ಬೇಡ. ಇದು ಕಾಕಾಗೂ ಅರ್ಥ ಆಯ್ತು.

ಸೋನಾರ್‌ಕ್ಯೂಬ್‌ನ ಕ್ವಾಲಿಟಿ ಗೇಟ್ ಕೂಡ ಹೊಸ ಕೋಡಿನ ಮೇಲೇ ಕಣ್ಣಿಡುತ್ತೆ. ಅದರ ಜೊತೆಗೆ ಬರೋ ಗೇಟಿನ ಪ್ರಕಾರ ಹೊಸ ಕೋಡಿಗೆ 80% ಟೆಸ್ಟ್ ಕವರೇಜ್ ಬೇಕು. ನಮ್ಮ ಹತ್ರ ಇದ್ದದ್ದು ಸೊನ್ನೆ. ಆ ಷರತ್ತನ್ನ ತೆಗೆದು ನನ್ನದೇ ಗೇಟ್ ಮಾಡಿದೆ. ಆಫೀಸಿನ ಗೆಳೆಯರು ಬೈದರು, ಬೈಯಲಿ. ಶೇಕಡಾ ತುಂಬಿಸೋಕೆ ಏನನ್ನೂ ಪರೀಕ್ಷಿಸದ ಟೆಸ್ಟ್ ಬರೆಯೋರನ್ನ ಬೇಕಾದಷ್ಟು ನೋಡಿದೀನಿ, ನಾನೂ ಬರೆದಿದೀನಿ. ಅದರ ಬದಲು ದುಡ್ಡು ಮುಟ್ಟೋ ಮೂರು ಫೈಲುಗಳಿಗಷ್ಟೇ ನಿಜವಾದ ಟೆಸ್ಟ್ ಬರೆದೆವು. ಮೊದಲನೆಯದರಲ್ಲಿ ಎರಡೇ ಅಂಕಿ: 9850, 14300.

ಹುಡುಗ ಕಮಿಟ್ ಮಾಡುವಾಗ ಹಸ್ಕಿ ಇಎಸ್‌ಲಿಂಟ್ ಓಡಿಸುತ್ತೆ. ಎರಡನೇ ವಾರವೇ ಅವನು 'ನೋ ವೆರಿಫೈ' ಕಲಿತುಬಿಟ್ಟ. ಅದಕ್ಕೇ ಗಿಟ್‌ಹಬ್‌ನಲ್ಲೂ ಅದೇ ತಪಾಸಣೆ ಇಟ್ಟಿದ್ದು. ಅಲ್ಲಿ ಹಸಿರಾಗದೆ ಮೇನ್ ಬ್ರಾಂಚಿಗೆ ಸೇರೋದಿಲ್ಲ. ಸೋನಾರ್‌ಕ್ಯೂಬ್‌ನ ಉಚಿತ ಆವೃತ್ತಿ ಮೇನ್ ಬ್ರಾಂಚ್ ಒಂದನ್ನೇ ನೋಡೋದ್ರಿಂದ ಅದನ್ನ ಶನಿವಾರ ರಾತ್ರಿ ನಾನೇ ಓಡಿಸ್ತೀನಿ. ಇದರಲ್ಲಿ ನಾನು ಎಣಿಸದ ಒಂದು ಲಾಭವೂ ಆಯ್ತು. ಮೊದಲು ನಾನು ತಪ್ಪು ತೋರಿಸಿದರೆ ಹುಡುಗನ ಮುಖ ಸಣ್ಣದಾಗ್ತಿತ್ತು. ಈಗ ಯಂತ್ರ ಬೈದರೆ ಅವನು ಯಂತ್ರಕ್ಕೇ ತಿರುಗಿ ಬೈತಾನೆ, ತಿದ್ದುತಾನೆ.

ಎಲ್ಲ ಸರಿಹೋಯ್ತು ಅಂತಲ್ಲ. ಮಾರ್ಚಿನಲ್ಲಿ ಖಾಲಿ ಚೀಲದ ತೂಕವನ್ನ ಎರಡು ಸಲ ಕಳೆಯೋ ಕೋಡ್ ಒಳಗೆ ಬಂತು. ಇಎಸ್‌ಲಿಂಟ್ ಹಸಿರು, ಟೆಸ್ಟ್ ಹಸಿರು, ಸೋನಾರ್ ಹಸಿರು. ಹಿಡಿದದ್ದು ಕಾಕಾನ ಅಂಗಡಿಯ ಗುಮಾಸ್ತರು, ಪೆನ್ಸಿಲ್ಲಿನಿಂದ, ಪಟ್ಟಿಯ ಹಿಂದುಗಡೆ. ಮರುದಿನ ಆ ಲೆಕ್ಕಕ್ಕೂ ಒಂದು ಟೆಸ್ಟ್ ಬರೆದೆವು, ಅಂಕಿ ಗುಮಾಸ್ತರೇ ಹೇಳಿದರು.

ಯುಗಾದಿಗೆ ಊರಿಗೆ ಹೋದಾಗ ಕಾಕಾ ಜೊತೆ ಮುಂಡರಗಿ ಕಡೆಗೆ ಹೋದೆ. ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ, ಕಪ್ಪತಗುಡ್ಡ ನೋಡ್ತಾ ಕೂತಿದ್ದೆ. ಅಜ್ಜನಿಗೆ ಹದಿನೈದು ಸಾವಿರ ಕೊಟ್ಟೆವು, ಅರ್ಧ ನಂದು, ಅರ್ಧ ಕಾಕಾದು. ಅಜ್ಜ ಎಣಿಸಿ, ಐದು ಸಾವಿರ ವಾಪಸ್ ಕೊಟ್ಟ. "ಗಾಡಿ ಬಾಡಗಿ, ಹಮಾಲಿ ಉಳೀತಲ್ಲೋ ನನಗ" ಅಂದ. ಚಹಾ ಕುಡಿಸಿದ.

ಈಗ ಸಂಜೆ ಅವನಿಗೂ ಸಂದೇಶ ಹೋಗುತ್ತೆ, ಸರಿಯಾದ ದರವೇ ಹೋಗುತ್ತೆ. ಎರಡು ನಿಮಿಷ ಬಿಟ್ಟು ಕಾಕಾಗೆ ಅವನ ಫೋನ್ ಬರುತ್ತೆ: "ಮೊಬೈಲನ್ಯಾಗ ಬಂದೈತಿ ಬಿಡ್ರಿ. ನೀವೊಮ್ಮೆ ಬಾಯಿಲೆ ಹೇಳ್ರಿ."