ಕಾಳಗಾ ಮುಗದ ಮ್ಯಾಲಿನ ಕೆಲಸ

ನಮ್ಮ ಮಗಾ ಈಗೀಗ ರಾತ್ರಿ ಊಟಾ ಆದಮ್ಯಾಲೆ ಚಿತ್ರಾ ತಗಿಲಿಕ್ಕೆ ಕೂಡ್ತಾನ. ಹಳೇ ಆಟದ ಪುಸ್ತಕದ ಮುಖಪುಟಾ ಮುಂದಿಟ್ಕೊಂಡು, ಅದನ್ನ ನಗಿ ಬರೋಹಂಗ ಕಾರ್ಟೂನ್ ಮಾಡೋದು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಾಗ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋರು ತಂದಿದ್ದು. ಒಬ್ಬರು ಕಥಿ ನಡಸ್ತಾರ, ಉಳದವರು ಕಳ್ಳ, ಮಂತ್ರವಾದಿ, ಸೈನಿಕ ಆಗಿ 'ನಾ ಹಿಂಗ ಮಾಡ್ತೀನಿ' ಅಂತಾರ. ಅದು ಆತೋ ಇಲ್ಲೋ ಅನ್ನೋದು ದಾಳದ ಕೈಯಾಗ. ನಮ್ಮ ಪಗಡಿ ದಾಳ ಅಲ್ರಿ, ಇಪ್ಪತ್ತು ಮುಖದ್ದೂ ಇರ್ತದ.

ಮೊನ್ನೆ ನಾ ಬೆಳ್ಳುಳ್ಳಿ ಸುಲಕೋತ ಬಾಜೂಕ ಕೂತಿದ್ದೆ. 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಮುಖಪುಟಾ ತೋರಿಸ್ದ. ದೊಡ್ಡ ರಾಕ್ಷಸನ ಮೂರ್ತಿ, ಇಬ್ಬರು ಮ್ಯಾಲೆ ಹತ್ತಿ ಅದರ ಕಣ್ಣಿನ ಹರಳು ಕೀಳ್ಲಿಕ್ಕತ್ತಾರ. ನನ್ನ ಕಣ್ಣು ಕೆಳಗ ಹೋತು. ಅಲ್ಲಿ ಕಾಳಗಾ ಮುಗದದ. ಸತ್ತ ಹಲ್ಲಿಮನುಷ್ಯಾರನ್ನ ಎಳದು ಹಾಕ್ಲಿಕ್ಕತ್ತಾರ, ಒಬ್ಬಾಂವ ಕತ್ತಿ ಒರಸ್ಲಿಕ್ಕತ್ತಾನ.

"ಲಗ್ನದ ಮರುದಿನದ ಮನಿ ಇದ್ಧಂಗದ ಅಲ್ಲೋ!" ಅಂದೆ.

ಹೊಟ್ಟಿ ಹಿಡಕೊಂಡು ನಕ್ಕ. ಮೂರ್ತಿ, ಮ್ಯಾಲಿನ ಇಬ್ಬರು ಮಾತ್ರ ಇದ್ದಲ್ಲೇ ಇರಬೇಕಂತ, ಇಲ್ಲಾಂದ್ರ ಯಾವ ಚಿತ್ರಾ ಅಂತ ಗುರತ ಹತ್ತಂಗಿಲ್ಲ. ಕತ್ತಿ ಒರಸಾವನ ಕೈಯಾಗ ಕಸಬರಿಗಿ ಕೊಟ್ಟ. ಅಂವಾ ಮ್ಯಾಲೆ ನೋಡಿ ಬೈತಾನ, "ಧೂಳ ಬೀಳಸಬ್ಯಾಡ್ರೋ, ಈಗರೆ ಕಸಾ ಹೊಡದೀನಿ!"

ಮೂಲ ಚಿತ್ರಾ ತಗದಾಂವ ಡೇವಿಡ್ ಟ್ರ್ಯಾಂಪಿಯರ್. ಒಂದು ಮಾಸಪತ್ರಿಕಾದಾಗ ಅವನ ಚಿತ್ರಕಥಿ ಬರ್ತಿತ್ತಂತ, 1988ರಾಗ ನಡುವ ನಿಂತು ಹೋತು. ಆಮ್ಯಾಲೆ ಆ ಲೋಕಾನೇ ಬಿಟ್ಟು, ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್ ಊರಾಗ ಟ್ಯಾಕ್ಸಿ ಹೊಡೀತಿದ್ದ. 2014ರಾಗ ತೀರಿಕೊಂಡ.

ಕೇಳಿ ಸುಮ್ಮನ ಕೂತೆ. ಅಂವಾ ಯಾಕ ಬಿಟ್ಟ ಅನ್ನೋದು ಅವಗ ಗೊತ್ತು. ನನ್ನ ಮಗಾ ಯಾಕ ಬಿಟ್ಟಿದ್ದ ಅನ್ನೋದು ನನಗ ಗೊತ್ತದ. ಪಿಯುಸಿ ಎರಡನೇ ವರ್ಷ ಮಾರ್ಕ್ಸ್ ಕಡಿಮಿ ಬಂತಂತ ಅವನ ಚಿತ್ರದ ವಹಿ ಎಲ್ಲಾ ನಾನ ರದ್ದಿಯವಗ ಕೊಟ್ಟಿದ್ದೆ. ಹನ್ನೆರಡು ವರ್ಷ ಪೆನ್ಸಿಲ್ ಮುಟ್ಟಲಿಲ್ಲ ಹುಡುಗಾ. ಒಂದ ದಿನಾನೂ ನನಗ ಅಂದು ತೋರಿಸಲಿಲ್ಲ, ಅದ ಚುಚ್ಚತದ.

ಮರುದಿನ ಪ್ಯಾಟಿಗೆ ಹೋಗಿ ದಪ್ಪ ಹಾಳಿ ವಹಿ ತಂದು ಅವನ ಮೇಜಿನ ಮ್ಯಾಲಿಟ್ಟೆ. "ತಪ್ಪಾತಪ್ಪಾ" ಅನಬೇಕಂತಿದ್ದೆ, ಬಾಯಿ ಬರಲಿಲ್ಲ. ಸಂಜಿಗೆ ನೋಡಿದ್ರ ಮೊದಲನೇ ಹಾಳಿ ತುಂಬ ನಾನ, ಸೆರಗು ಸಿಗಿಸಿ, ಕಸಬರಿಗಿ ಹಿಡಕೊಂಡು, ರಾಕ್ಷಸನ ಮುಂದ ನಿಂತೀನಿ.

ನಿಮ್ಮ ಮಕ್ಕಳ ವಹಿ ರದ್ದಿಗೆ ಹಾಕೋ ಮೊದಲ ಒಮ್ಮೆ ತಗದು ನೋಡ್ರಿ, ಅಕ್ಕಾರ.