ಕಬ್ಬಿಣದ ಸದ್ದು ಮತ್ತು ಕ್ರಿಪ್ಟೋಸ್

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಗೇನು ಕೆಲಸ ಅಂತ ಎಲ್ರೂ ಕೇಳ್ತಾರೆ. ಯಂತ್ರಗಳು ಉಗುಳೋ ಅಂಕಿಗಳನ್ನ ಕಂಪ್ಯೂಟರಿಗೆ ತರೋದು ಸ್ವಾಮಿ! ಪಕ್ಕದಲ್ಲೇ ಪ್ರೆಸ್ ಶಾಪು, ದಿನವಿಡೀ ಧಡ್ ಧಡ್. ಹೆವಿ ಮೆಟಲ್ ಕೇಳೋನಿಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿ ಸಿಗುತ್ತೆ ಹೇಳಿ...

ತಮಾಷೆಗೆ ಹೇಳ್ತಿಲ್ಲ. ಬ್ಲ್ಯಾಕ್ ಸಬತ್‌ನ ಟೋನಿ ಅಯೋಮಿ ಹದಿನೇಳನೇ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳಿನ ತುದಿ ಕಳ್ಕೊಂಡ. ಆಮೇಲೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ, ನೋಯೋ ಬೆರಳಿಗೆ ಸುಲಭವಾಗಲಿ ಅಂತ ತಂತಿ ಸಡಿಲಿಸಿ ಶ್ರುತಿ ಇಳಿಸಿದ. ಮುಂದೆ ಎಷ್ಟೋ ತಂಡಗಳು ಹಿಡಿದದ್ದು ಆ ಭಾರದ ಸದ್ದನ್ನೇ.

ನಮ್ಮ ಬೆಂಗಳೂರಿನ ಕ್ರಿಪ್ಟೋಸ್‌ನವರ ಬೆರಳೆಲ್ಲ ನೆಟ್ಟಗೇ ಇದ್ದವು. 1998ರಲ್ಲಿ ಶುರುವಾದ ತಂಡ. 'ಸ್ಪೈರಲ್ ಅಸೆಂಟ್' (2004), 'ದಿ ಆರ್ಕ್ ಆಫ್ ಜೆಮಿನೈ' (2008), 'ದಿ ಕಾಯಿಲ್ಸ್ ಆಫ್ ಅಪೋಲಿಯನ್' (2012)... ತಿರುವಿನ ಮೇಲೆ ತಿರುವಿರೋ ಹಾಡುಗಳು. 2013ರಲ್ಲಿ ಜರ್ಮನಿಯ ವಾಕೆನ್ ವೇದಿಕೆ ಹತ್ತಿದ್ದೂ ಆಯ್ತು. ಅಷ್ಟೆಲ್ಲ ಆದ್ಮೇಲೆ 2016ರ 'ಬರ್ನ್ ಅಪ್ ದ ನೈಟ್'ನಲ್ಲಿ ತಿರುವುಗಳನ್ನೇ ತೆಗೆದುಹಾಕಿದ್ರು! ನೇರ ತಾಳ, ಜೋಡಿ ಗಿಟಾರು, ಒಂದೇ ಸಲಕ್ಕೆ ಬಾಯಿಗೆ ಬರೋ ಪಲ್ಲವಿ. ಥೇಟ್ ಎಂಬತ್ತರ ದಶಕದ ಜೂಡಸ್ ಪ್ರೀಸ್ಟ್, ಆಕ್ಸೆಪ್ಟ್ ಜಮಾನ.

ಆಗ ನಾನು ಇಂಜಿನಿಯರಿಂಗ್ ಹಾಸ್ಟೆಲಲ್ಲಿದ್ದೆ. ರೂಮ್‌ಮೇಟ್ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದ. "ಕ್ಯಾಸೆಟ್ ಕಾಲಕ್ಕೆ ವಾಪಸ್ ಹೋಗೋದು ಪ್ರಯೋಗಾನಾ ಮಗಾ? ಜನಕ್ಕೆ ಇಷ್ಟ ಆಗ್ಲಿ ಅಂತ ಮಾಡಿದ್ದಿದು" ಅಂದ. ಈ ಜಗಳ ನಮ್ಮಲ್ಲಿ ಇವತ್ತಿಗೂ ಮುಗಿದಿಲ್ಲ.

ಜನಕ್ಕೆ ಇಷ್ಟವಾಗೋದೇ ಉದ್ದೇಶ ಆಗಿದ್ರೆ ನೋಲನ್ ಲೂಯಿಸ್ ತನ್ನ ಗಂಟಲನ್ನೂ ನಯ ಮಾಡ್ಕೋಬೇಕಿತ್ತು. ಮಾಡ್ಕೊಳ್ಲಿಲ್ಲ. ಅಷ್ಟು ಇಂಪಾದ ಗಿಟಾರಿನ ಮೇಲೆ ಅದೇ ಕರಕರ ದನಿ, ಗರಗಸ ಎಳೆದ ಹಾಗೆ. ಎಂಬತ್ತರ ದಶಕದ ಜೂಡಸ್ ಪ್ರೀಸ್ಟ್‌ನಲ್ಲಿ ಈ ಜೋಡಿ ನಿಮಗೆ ಸಿಗಲ್ಲ. ಹೊಸತು ಇರೋದು ಅಲ್ಲೇ. ಕೋಡ್ ಬರೆಯೋರಿಗೆ ಇದು ಅರ್ಥವಾಗುತ್ತೆ: ಸಾವಿರ ಸಾಲು ಸೇರಿಸೋದು ಸಲೀಸು, ಓಡ್ತಾ ಇರೋದ್ರಿಂದ ನೂರು ಸಾಲು ಅಳಿಸೋಕೆ ಕೈ ನಡುಗುತ್ತೆ.

ಹಾಗಂತ ಹಳೇದು ಬೇಡ ಅಂತಲ್ಲ. ರಾತ್ರಿ ಕನಕಪುರ ರಸ್ತೆಯಲ್ಲಿ ಮನೆಗೆ ವಾಪಸ್ ಬರುವಾಗ ನನಗೆ 'ಆರ್ಕ್ ಆಫ್ ಜೆಮಿನೈ'ನೇ ಆಗ್ಬೇಕು. ಬೆಳಿಗ್ಗೆ ಪ್ರೆಸ್ ಶಾಪಿಗೆ ಮಾತ್ರ 'ಬರ್ನ್ ಅಪ್ ದ ನೈಟ್'.

ತಂಡ ಆ ದಾರಿ ಬಿಟ್ಟಿಲ್ಲ: 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಕೊನೇದರ ಲಿಂಕ್ ರೂಮ್‌ಮೇಟ್‌ಗೆ ವಾಟ್ಸಾಪಲ್ಲಿ ಕಳಿಸಿ ಎರಡು ವಾರ ಆಯ್ತು. ನೀಲಿ ಟಿಕ್ ಬಿದ್ದಿದೆ, ಆಸಾಮಿ ಉತ್ತರಿಸಿಲ್ಲ.